ಬೆಳಗಿನ ಅರ್ಧ ಗಂಟೆ ಯಾರದ್ದು?

ಬೆಳಗಿನ ತಿಂಡಿ ಬಿಡಬಾರದು ಎಂಬುದು ಗೊತ್ತಿಲ್ಲದವರು ನಮ್ಮಲ್ಲಿ ಯಾರೂ ಇಲ್ಲ. ಶಾಲೆಯ ಪಾಠದಲ್ಲಿ ಓದಿದ್ದೇವೆ, ಡಾಕ್ಟರು ಹೇಳಿದ್ದಾರೆ, ಮನೆಯ ಹಿರಿಯರು ಗದರಿದ್ದಾರೆ, ಈಗಂತೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಶುಭೋದಯ’ದ ಬೆನ್ನಿಗೇ ಆ ಉಪದೇಶವೂ ಬಂದು ಬೀಳುತ್ತದೆ. ಆದರೂ ಬೆಳಿಗ್ಗೆ ಏಳೂವರೆಗೆ ಯಾವುದಾದರೂ ಊರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ. ಗಾರ್ಮೆಂಟ್ಸ್‌ಗೆ ಹೊರಟ ಹೆಣ್ಣುಮಕ್ಕಳು, ಕಟ್ಟಡದ ಕೆಲಸಕ್ಕೆ ಹೊರಟ ಗಾರೆಯವರು, ದೂರದ ಕಾಲೇಜಿನ ಹುಡುಗರು, ಯೂನಿಫಾರಂ ತೊಟ್ಟ ಮಕ್ಕಳು. ಅವರಲ್ಲಿ ಎಷ್ಟೋ ಜನರ ಹೊಟ್ಟೆಗೆ ಒಂದು ಲೋಟ ಟೀ ಬಿಟ್ಟು ಬೇರೇನೂ ಬಿದ್ದಿರುವುದಿಲ್ಲ. ಅವರಿಗೆ ತಿಂಡಿಯ ಮಹತ್ವ ಗೊತ್ತಿಲ್ಲವೆಂದು ಭಾವಿಸಿ ಮತ್ತೊಂದು ಉಪದೇಶ ಬರೆಯುವುದರಿಂದ ಏನೂ ಆಗದು. ಗೊತ್ತಿದ್ದೂ ತಿಂಡಿ ಯಾಕೆ ತಪ್ಪುತ್ತದೆ, ಮನೆಯಲ್ಲಿ ಯಾರಿಗೆ ತಪ್ಪುತ್ತದೆ ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯೋಗದ ಕೆಲಸ.

ಮೊದಲು ದೇಹದ ಲೆಕ್ಕ ನೋಡೋಣ. ರಾತ್ರಿ ಎಂಟೂವರೆಗೆ ಉಂಡವರು ಬೆಳಿಗ್ಗೆ ಎಂಟರ ಹೊತ್ತಿಗೆ ಹನ್ನೊಂದು ಗಂಟೆಗೂ ಹೆಚ್ಚು ಕಾಲ ಏನನ್ನೂ ತಿಂದಿರುವುದಿಲ್ಲ. ಆ ಹೊತ್ತನ್ನು ದಾಟಿಸುವುದು ಯಕೃತ್ತು. ಉಂಡದ್ದರಲ್ಲಿ ಒಂದಿಷ್ಟನ್ನು ಅದು ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟುಕೊಂಡು, ನಾವು ಮಲಗಿರುವಾಗ ಸ್ವಲ್ಪಸ್ವಲ್ಪವೇ ಸಕ್ಕರೆಯಾಗಿ ರಕ್ತಕ್ಕೆ ಬಿಡುತ್ತದೆ. ದೊಡ್ಡವರಲ್ಲಿ ಈ ಸಂಗ್ರಹ ಸುಮಾರು ನೂರು ಗ್ರಾಂ. ಬೆಳಗಾಗುವಷ್ಟರಲ್ಲಿ ಅದರ ಗಣನೀಯ ಪಾಲು ಖರ್ಚಾಗಿರುತ್ತದೆ. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟೇ ಇರುವ ಮೆದುಳು, ನಾವು ಸುಮ್ಮನೆ ಕೂತಿದ್ದರೂ ದೇಹದ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗವನ್ನು ಬಳಸುತ್ತದೆ. ಮಕ್ಕಳಲ್ಲಂತೂ ದೇಹಕ್ಕೆ ಹೋಲಿಸಿದರೆ ಮೆದುಳು ದೊಡ್ಡದು, ಯಕೃತ್ತಿನ ದಾಸ್ತಾನು ಚಿಕ್ಕದು. ಆದ್ದರಿಂದಲೇ ಹಸಿದ ದೊಡ್ಡವರು ಹನ್ನೊಂದು ಗಂಟೆಗೆ ಸಿಡುಕಿದರೆ, ಹಸಿದ ಮಗು ಒಂಬತ್ತೂವರೆಯ ಪ್ರಾರ್ಥನೆಯ ಸಾಲಿನಲ್ಲೇ ಕಣ್ಣು ಕತ್ತಲಿಟ್ಟು ಕುಸಿಯುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ‘ದಿನದ ಅತಿ ಮುಖ್ಯ ಊಟವೆಂದರೆ ಬೆಳಗಿನ ತಿಂಡಿ’ ಎಂಬ ಘೋಷಣೆ ಪ್ರಯೋಗಾಲಯದಿಂದ ಬಂದದ್ದಕ್ಕಿಂತ ಜಾಹೀರಾತಿನಿಂದ ಬಂದದ್ದು ಹೆಚ್ಚು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಬ್ಯಾಟಲ್ ಕ್ರೀಕ್ ಎಂಬ ಊರಿದೆ. ಅಲ್ಲಿ ಆರೋಗ್ಯಧಾಮ ನಡೆಸುತ್ತಿದ್ದ ಡಾ. ಜಾನ್ ಹಾರ್ವಿ ಕೆಲಾಗ್ ಮತ್ತು ಅವರ ತಮ್ಮ ವಿಲ್ ಕೀತ್ ಕೆಲಾಗ್ ಹತ್ತೊಂಬತ್ತನೇ ಶತಮಾನದ ಕೊನೆಗೆ ಧಾನ್ಯವನ್ನು ಬೇಯಿಸಿ, ಒತ್ತಿ, ಒಣಗಿಸಿ ಗರಿಗರಿ ಹಾಳೆ ಮಾಡುವುದನ್ನು ಕಂಡುಕೊಂಡರು. ತಮ್ಮ 1906ರಲ್ಲಿ ಅದಕ್ಕೊಂದು ಕಂಪನಿಯನ್ನೇ ಕಟ್ಟಿದ. ಬೆಳಗಿನ ತಿಂಡಿ ಬಿಟ್ಟರೆ ಕೆಟ್ಟಿರಿ ಎಂಬ ಮಾತು ಮನೆಮನೆಗೆ ಮುಟ್ಟುವುದರಲ್ಲಿ ಇಂಥ ಕಂಪನಿಗಳ ಪ್ರಚಾರದ ಪಾಲು ದೊಡ್ಡದು. ತಿಂಡಿ ತಿಂದರೆ ತೂಕ ಇಳಿಯುತ್ತದೆ ಎಂಬ ನಂಬಿಕೆಯನ್ನು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು 13 ಪ್ರಯೋಗಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿದರು. 2019ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾದ ಆ ವರದಿ, ನಂಬಿಕೆಗೆ ಗಟ್ಟಿ ಆಧಾರವಿಲ್ಲ ಎಂದಿತು. ನಮ್ಮ ರೈತರ ದಿನಚರಿಯನ್ನೇ ನೋಡಿ. ಮಬ್ಬಿನಲ್ಲೇ ನೇಗಿಲು ಹೂಡಿ, ಎಳೆ ಬಿಸಿಲಿನವರೆಗೆ ಉತ್ತು, ಒಂಬತ್ತು ಹತ್ತರ ಹೊತ್ತಿಗೆ ಹೊಲಕ್ಕೆ ಬಂದ ಬುತ್ತಿ ಬಿಚ್ಚುವುದು ಅವರ ಕ್ರಮವಾಗಿತ್ತು. ಎಂಟು ಗಂಟೆಯೊಳಗೆ ತಿನ್ನಲೇಬೇಕು ಎಂಬುದು ಆಫೀಸಿನ ಗಡಿಯಾರ ತಂದ ನಿಯಮ.

ಹಾಗಾಗಿ ಆರೋಗ್ಯವಂತರಾದ ವಯಸ್ಕರು ಎಂದೋ ಒಂದು ದಿನ ತಿಂಡಿ ಬಿಟ್ಟರೆ ಭೂಮಿ ಬಾಯಿ ಬಿಡುವುದಿಲ್ಲ. ಬೆಂಗಳೂರಿನ ಐಟಿ ಉದ್ಯೋಗಿಯೊಬ್ಬರು ಮೊಬೈಲಿನ ಆ್ಯಪ್ ನೋಡಿಕೊಂಡು ಹದಿನಾರು ಗಂಟೆ ಉಪವಾಸವಿದ್ದು, ಮಧ್ಯಾಹ್ನ ಹನ್ನೆರಡಕ್ಕೆ ಮೊದಲ ಊಟ ಮಾಡುವುದು ಅವರ ಆಯ್ಕೆ. ಹಸಿವು ತಡೆಯದಿದ್ದರೆ ಆಫೀಸಿನ ಪ್ಯಾಂಟ್ರಿ ಹತ್ತು ಹೆಜ್ಜೆ ದೂರದಲ್ಲಿದೆ. ಅದೇ ಹೊತ್ತಿಗೆ ಅದೇ ನಗರದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿರುವ ಹೆಣ್ಣುಮಗಳೂ ಹನ್ನೆರಡರವರೆಗೆ ಏನೂ ತಿಂದಿರುವುದಿಲ್ಲ. ಗಂಟೆಗಳ ಲೆಕ್ಕದಲ್ಲಿ ಇಬ್ಬರ ಉಪವಾಸವೂ ಒಂದೇ. ಆದರೆ ಆಕೆಯ ಮುಂದೆ ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ಇದೆ, ಹಿಂದೆ ಸೂಪರ್‌ವೈಸರ್ ಇದ್ದಾನೆ, ನಡುವೆ ಎದ್ದು ಹೋಗಿ ಏನಾದರೂ ತಿಂದು ಬರುವ ಅವಕಾಶವಿಲ್ಲ. ತಿಂಡಿಯ ಮಾತು ಆಡುವಾಗ ನಮ್ಮ ಕಣ್ಣು ಈ ಎರಡನೆಯವರ ಮೇಲಿರಬೇಕು.

ಯಾರು ಖಂಡಿತ ತಪ್ಪಿಸಬಾರದು ಎಂಬ ಪಟ್ಟಿ ಉದ್ದವೇನಲ್ಲ. ಬೆಳೆಯುವ ಮಕ್ಕಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೈಮುರಿದು ದುಡಿಯುವವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು. ಕೊನೆಯವರ ವಿಷಯದಲ್ಲಿ ಇದು ನೇರ ಅಪಾಯದ ಮಾತು. ಕೆಲವು ಮಾತ್ರೆಗಳನ್ನು ನುಂಗಿ, ‘ತಿಂಡಿ ಆಮೇಲೆ ನೋಡೋಣ’ ಎಂದು ಬ್ಯಾಂಕಿನ ಸಾಲಿನಲ್ಲಿ ನಿಂತವರು ಸಕ್ಕರೆ ಇಳಿದು ಬೆವತು ಬೀಳುವುದುಂಟು. ಮಾತ್ರೆಯ ಹೊತ್ತಿಗೂ ತಿಂಡಿಯ ಹೊತ್ತಿಗೂ ಗಂಟು ಹಾಕಿಕೊಳ್ಳುವುದು ಅವರ ಚಿಕಿತ್ಸೆಯ ಭಾಗವೇ.

ಮಕ್ಕಳ ವಿಷಯಕ್ಕೆ ಬಂದರೆ, ಜಮೈಕಾ ದೇಶದ ಹಳ್ಳಿ ಶಾಲೆಗಳಲ್ಲಿ ನಡೆದ ಒಂದು ಪ್ರಯೋಗ ನೆನಪಿಡಬೇಕಾದ್ದು. 16 ಶಾಲೆಗಳ 814 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಇಡೀ ಶಾಲಾ ವರ್ಷ ಬೆಳಗಿನ ತಿಂಡಿ ಕೊಟ್ಟರು. ಇನ್ನೊಂದು ಗುಂಪಿಗೆ ಕಿತ್ತಳೆ ಹಣ್ಣಿನ ಕಾಲು ಭಾಗ. ವರ್ಷ ಮುಗಿದಾಗ ತಿಂಡಿ ತಿಂದ ಮಕ್ಕಳ ಎತ್ತರ, ತೂಕ, ಹಾಜರಾತಿ ಮೂರೂ ಕೊಂಚ ಹೆಚ್ಚಿದ್ದವು. ಚಿಕ್ಕ ಮಕ್ಕಳಲ್ಲಿ ಗಣಿತವೂ ಸುಧಾರಿಸಿತ್ತು. 1998ರಲ್ಲಿ ಪ್ರಕಟವಾದ ಈ ಅಧ್ಯಯನ ಪವಾಡವನ್ನೇನೂ ತೋರಿಸಲಿಲ್ಲ. ತೋರಿಸಿದ್ದು ಸಣ್ಣ ಬದಲಾವಣೆಗಳನ್ನು. ಆದರೆ ಬೆಳಿಗ್ಗೆ ತಟ್ಟೆಗೆ ಒಂದಿಷ್ಟು ಬಿದ್ದರೆ ಲೆಕ್ಕ ತಲೆಗೆ ಹತ್ತುತ್ತದೆ ಎಂಬುದನ್ನು ನಮ್ಮ ಹಳ್ಳಿಯ ಯಾವ ಟೀಚರಾದರೂ ಹೇಳಿಯಾರು.

ಅವರನ್ನು ಕೇಳಿ ನೋಡಿ. ಮೊದಲ ಪೀರಿಯಡ್‌ನಲ್ಲಿ ಬೆಂಚಿಗೆ ತಲೆಯಾನಿಸಿದ ಹುಡುಗನ ಹತ್ತಿರ ಹೋಗಿ, ‘ಏನೋ, ಬೆಳಿಗ್ಗೆ ಏನ್ ತಿಂದೆ?’ ಎಂದರೆ, ‘ಟೀ ಕುಡ್ದು ಬಂದೆ ಮಿಸ್’ ಎಂಬ ಉತ್ತರ ಅವರಿಗೆ ಬಾಯಿಪಾಠ. ಅಪ್ಪ ಅಮ್ಮ ಇಬ್ಬರೂ ಆರೂವರೆಗೆ ಕೂಲಿಗೆ ಹೊರಟಿರುತ್ತಾರೆ. ರಾತ್ರಿಯ ಅನ್ನ ಉಳಿದಿದ್ದರೆ ಚಿತ್ರಾನ್ನವಾಗುತ್ತದೆ. ಉಳಿಯದಿದ್ದರೆ ಮಗುವಿನ ಕೈಗೆ ಹತ್ತು ರೂಪಾಯಿ ಬರುತ್ತದೆ. ಆ ಹತ್ತು ರೂಪಾಯಿ ಶಾಲೆಯ ಗೇಟಿನೆದುರಿನ ಅಂಗಡಿಯಲ್ಲಿ ಗರಿಗರಿ ಕುರುಕಲಿನ ಪ್ಯಾಕೆಟ್ ಆಗುತ್ತದೆ. ಅದು ಉಪ್ಪು, ಎಣ್ಣೆ ಮತ್ತು ಗಾಳಿ. ಮಧ್ಯಾಹ್ನದ ಬಿಸಿಯೂಟದ ಗಂಟೆ ಹೊಡೆಯುವವರೆಗೆ ಆ ಮಗುವಿನ ಕಣ್ಣು ಕಪ್ಪುಹಲಗೆಯ ಮೇಲಿದ್ದರೂ ಮೂಗು ಅಡುಗೆ ಕೋಣೆಯ ಕಡೆಗಿರುತ್ತದೆ.

ನಮ್ಮ ಸರ್ಕಾರಗಳಿಗೆ ಇದು ತಿಳಿದಿಲ್ಲವೆಂದಲ್ಲ. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶ ಕೊಟ್ಟಿತು. 2002ರಲ್ಲಿ ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಎಂಬ ಬಿಸಿಯೂಟದ ಯೋಜನೆ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂದು, ಬೆಳಗಿನ ಹೊತ್ತು ಮಗುವಿಗೆ 150 ಮಿಲಿ ಹಾಲು ಸಿಗುವಂತಾಯಿತು. 2024ರ ಫೆಬ್ರುವರಿಯಿಂದ ವಾರಕ್ಕೆ ಮೂರು ದಿನ ಆ ಹಾಲಿಗೆ ರಾಗಿ ಹಿಟ್ಟಿನ ಪೌಷ್ಟಿಕ ಪುಡಿ ಬೆರೆತು ರಾಗಿ ಮಾಲ್ಟ್ ಆಯಿತು. ಇದು ಒಳ್ಳೆಯ ಹೆಜ್ಜೆ. ಆದರೆ ಒಂದು ಲೋಟ ಮಾಲ್ಟು ತಿಂಡಿಯ ಜೊತೆಗೆ ಹೊಂದುವ ಪದಾರ್ಥ, ತಿಂಡಿಯ ಜಾಗದಲ್ಲಿ ಕೂರುವಂಥದ್ದಲ್ಲ. ಪಕ್ಕದ ತಮಿಳುನಾಡು ಇನ್ನೊಂದು ಹೆಜ್ಜೆ ಮುಂದಿಟ್ಟಿದೆ. 2022ರ ಸೆಪ್ಟೆಂಬರ್ 15ರಂದು ಮಧುರೈಯಲ್ಲಿ ಮುಖ್ಯಮಂತ್ರಿ ತಿಂಡಿ ಯೋಜನೆ ಶುರುವಾಯಿತು. ಮರುವರ್ಷ ಆಗಸ್ಟ್‌ನಲ್ಲಿ ಅದು ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳ ಒಂದರಿಂದ ಐದನೇ ತರಗತಿಗೆ ವಿಸ್ತರಿಸಿತು. ಪಾಠ ಶುರುವಾಗುವ ಮುನ್ನ ಉಪ್ಪಿಟ್ಟು, ಪೊಂಗಲ್, ಕಿಚಡಿಗಳಲ್ಲಿ ಒಂದು, ಜೊತೆಗೆ ತರಕಾರಿ ಹಾಕಿದ ಸಾಂಬಾರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶಾಲೆಯಲ್ಲಿ ಬೆಳಗಿನ ತಿಂಡಿ ಇರಲಿ ಎಂದು ಬಾಯಿ ಬಿಟ್ಟು ಹೇಳಿದೆ. ನೀತಿಯ ಬೇರೆ ಮಾತುಗಳ ಬಗ್ಗೆ ಎಷ್ಟು ಜಗಳವಿದ್ದರೂ ಈ ಒಂದು ಸಾಲಿಗೆ ತಕರಾರು ತೆಗೆಯುವವರು ಸಿಗಲಿಕ್ಕಿಲ್ಲ.

ಶಾಲೆಯಲ್ಲಿ ತಿಂಡಿ ಕೊಟ್ಟರೆ ಮಗುವಿನ ಹೊಟ್ಟೆ ತುಂಬುವುದರ ಜೊತೆಗೆ ಇನ್ನೊಂದು ಕೆಲಸವೂ ಆಗುತ್ತದೆ. ಮನೆಯಲ್ಲಿ ಒಬ್ಬಾಕೆಗೆ ಅರ್ಧ ಗಂಟೆ ಸಿಗುತ್ತದೆ. ತಿಂಡಿ ತಪ್ಪುವುದರ ಮೂಲ ಇರುವುದು ಇಲ್ಲೇ. ಹೆಚ್ಚಿನ ಮನೆಗಳಲ್ಲಿ ದುಡ್ಡಿಗಿಂತ, ತಿಳಿವಳಿಕೆಗಿಂತ ಮೊದಲು ಕೊರತೆಯಾಗುವುದು ಬೆಳಗಿನ ಸಮಯ. ಆ ಸಮಯ ಕೊಡಬೇಕಾದವರು ಒಬ್ಬರೇ ಎಂಬ ಒಪ್ಪಂದಕ್ಕೆ ಉಳಿದವರೆಲ್ಲ ಎಂದೋ ಸಹಿ ಹಾಕಿಬಿಟ್ಟಿದ್ದೇವೆ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಒಂದು ಲೆಕ್ಕ ಹೀಗಿದೆ: ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ಕೊಡುವುದು ದಿನಕ್ಕೆ ಸರಾಸರಿ 289 ನಿಮಿಷ. ಗಂಡಸರು ಕೊಡುವುದು 88 ನಿಮಿಷ, ಅದೂ ಮನೆಗೆಲಸ ಮಾಡುವ ಗಂಡಸರನ್ನಷ್ಟೇ ಎಣಿಸಿದರೆ. ಏನೂ ಮಾಡದವರು ಆ ಸರಾಸರಿಯಲ್ಲಿ ಬರುವುದೇ ಇಲ್ಲ. ಆ 289 ನಿಮಿಷದ ದೊಡ್ಡ ತುಂಡು ಬೀಳುವುದು ಬೆಳಿಗ್ಗೆ ಐದೂವರೆಯಿಂದ ಎಂಟರ ನಡುವೆ. ನೀರು ಹಿಡಿಯಬೇಕು, ಹಾಲು ಕಾಯಿಸಬೇಕು, ಮಕ್ಕಳನ್ನು ಎಬ್ಬಿಸಬೇಕು, ತಿಂಡಿ ಮಾಡಬೇಕು, ಮಧ್ಯಾಹ್ನದ ಡಬ್ಬಿ ಕಟ್ಟಬೇಕು, ಅತ್ತೆಯವರ ಮಾತ್ರೆ ನೆನಪಿಸಬೇಕು. ಗಂಡನಿಗೆ ಬಿಸಿ ದೋಸೆ, ಮಕ್ಕಳಿಗೆ ಬಿಸಿ ದೋಸೆ. ತನ್ನ ಸರದಿ ಬರುವಷ್ಟರಲ್ಲಿ ಹಿಟ್ಟು ಇರುತ್ತದೆ, ಹೊತ್ತು ಇರುವುದಿಲ್ಲ. ‘ತಿಂಡಿ ಆಯ್ತಾ?’ ಎಂದು ಎದುರು ಮನೆಯವರನ್ನು ಕೇಳುತ್ತೇವೆ, ಫೋನಿನಲ್ಲಿ ದೂರದವರನ್ನು ಕೇಳುತ್ತೇವೆ, ಹುಬ್ಬಳ್ಳಿಯ ಕಡೆಯವರಾದರೆ ‘ನಾಷ್ಟಾ ಆತೇನ್ರಿ?’ ಎಂದು ದಾರಿಯಲ್ಲಿ ಸಿಕ್ಕವರನ್ನೂ ಕೇಳುತ್ತಾರೆ. ತಿಂಡಿ ಮಾಡಿ ಬಡಿಸಿದವರನ್ನು ಹಾಗೆ ಕೇಳುವ ರೂಢಿ ಮಾತ್ರ ಬೆಳೆಯಲಿಲ್ಲ.

ಇದರ ಫಲ ರಕ್ತದಲ್ಲಿ ಕಾಣುತ್ತದೆ. 2019-20ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು. ಬೆಳಗಿನ ತಿಂಡಿ ತಪ್ಪುವುದೊಂದರಿಂದಲೇ ಇಷ್ಟಾಯಿತು ಎಂದರೆ ತಪ್ಪಾಗುತ್ತದೆ, ರಕ್ತಹೀನತೆಗೆ ಕಾರಣಗಳು ಹಲವು. ಆದರೆ ನಮ್ಮ ಬೆಳಗಿನ ಒಂದು ಚಟ ಇದಕ್ಕೆ ನೇರವಾಗಿ ಕೈಜೋಡಿಸುತ್ತದೆ. ಟೀ ಕಾಫಿಗಳಲ್ಲಿರುವ ಒಗರಿನ ಅಂಶ ಆಹಾರದ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಟೀ ಕಾಫಿ ಬೇಡ ಎಂದಿದೆ. ನಮ್ಮಲ್ಲಿ ಇಡ್ಲಿಯ ಕೊನೆಯ ತುತ್ತು ಗಂಟಲಿನಲ್ಲಿರುವಾಗಲೇ ಫಿಲ್ಟರ್ ಕಾಫಿ ಬಂದು ನಿಲ್ಲಬೇಕು. ಕಾಫಿ ಬಿಡಿ ಎಂದು ಕನ್ನಡಿಗರಿಗೆ ಹೇಳುವ ಧೈರ್ಯ ನನಗಿಲ್ಲ, ಅದರ ಅಗತ್ಯವೂ ಇಲ್ಲ. ಎದ್ದ ಕೂಡಲೇ ಕುಡಿಯುವವರು ತಿಂಡಿಯನ್ನು ಒಂದು ಗಂಟೆ ಬಿಟ್ಟು ತಿನ್ನಲಿ. ತಿಂಡಿಯ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಲಿ. ಅದರಲ್ಲಿರುವ ಸಿ ಜೀವಸತ್ವ ಕಬ್ಬಿಣವನ್ನು ಒಳಗೆ ಕರೆದುಕೊಳ್ಳಲು ನೆರವಾಗುತ್ತದೆ. ನಮ್ಮ ಚಿತ್ರಾನ್ನ, ಅವಲಕ್ಕಿ, ಉಪ್ಪಿಟ್ಟುಗಳಿಗೆ ನಿಂಬೆ ಹೊಸ ನೆಂಟನೇನಲ್ಲ.

ತಿಂಡಿಯ ಹೊತ್ತನ್ನು ಉಳಿಸಲು ನಡೆದ ಪ್ರಯತ್ನಗಳ ಕಥೆಯೇ ಒಂದು ಸ್ವಾರಸ್ಯ. ನಮ್ಮ ಅಜ್ಜಿಯಂದಿರು ಒರಳುಕಲ್ಲಿನ ಮುಂದೆ ಕೂತು ಮರುದಿನದ ದೋಸೆಗೆ ಹಿಟ್ಟು ರುಬ್ಬುತ್ತಿದ್ದರು. 1955ರಲ್ಲಿ ಕೊಯಮತ್ತೂರಿನ ಪಿ. ಸಭಾಪತಿ ಅವರು ವಿದ್ಯುತ್ತಿನಿಂದ ಓಡುವ ಗ್ರೈಂಡರ್ ರೂಪಿಸಿದರು. ಅದು ಮನೆಗಳಿಗೆ ಬಂದಾಗ ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿತು. ಬೆಂಗಳೂರಿನ ಎಂಟಿಆರ್, ತುರ್ತು ಪರಿಸ್ಥಿತಿಯ ದಿನಗಳಲ್ಲಿ ಹೋಟೆಲು ನಡೆಸುವುದು ಕಷ್ಟವಾದಾಗ ಸಿಬ್ಬಂದಿಗೆ ಕೆಲಸ ಉಳಿಸಲೆಂದು ಸಿದ್ಧ ಮಿಶ್ರಣಗಳ ಕಡೆ ಹೊರಳಿತು. ಆಮೇಲೆ ರವೆ ಇಡ್ಲಿ ಮಾಡುವುದು ಪ್ಯಾಕೆಟ್ಟಿನ ಮಿಶ್ರಣಕ್ಕೆ ಮೊಸರು ಬೆರೆಸುವಷ್ಟು ಸಲೀಸಾಯಿತು. 2005ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಐಡಿ ಫ್ರೆಶ್ ಕಂಪನಿ ದೋಸೆಹಿಟ್ಟನ್ನೇ ಚೀಲದಲ್ಲಿ ತುಂಬಿ ಅಂಗಡಿಯ ಫ್ರಿಜ್‌ಗೆ ತಂದಿತು. ಇವುಗಳ ನಡುವೆ, 1990ರ ದಶಕದ ನಡುವಿನಲ್ಲಿ ಕೆಲಾಗ್ಸ್ ಕೂಡ ಭಾರತಕ್ಕೆ ಬಂದು, ತಣ್ಣನೆ ಹಾಲಿಗೆ ಸುರಿದು ತಿನ್ನಿ ಎಂದಿತು. ನಮ್ಮವರು ಬಿಸಿ ಹಾಲು ಸುರಿದರು, ಗರಿಗರಿ ಹಾಳೆ ಅಂಬಲಿಯಾಯಿತು, ಕಂಪನಿ ತಲೆ ಕೆರೆದುಕೊಂಡಿತು.

ಇವೆಲ್ಲವೂ ಬೆಳಗಿನ ಕೆಲಸದ ಉದ್ದವನ್ನು ಕಡಿಮೆ ಮಾಡಿದವು. ಕೆಲಸ ಯಾರದ್ದು ಎಂಬುದನ್ನು ಬದಲಾಯಿಸಲಿಲ್ಲ. ಉಳಿದ ಹೊತ್ತಿನಲ್ಲಿ ಆಕೆ ಕೂತು ತಿನ್ನುವಂತಾಗಬೇಕಿತ್ತು. ಬದಲಿಗೆ ಆ ಹೊತ್ತಿಗೆ ಎಂಟರ ಬಸ್ಸು ಬಂದು ಸೇರಿಕೊಂಡಿತು. ಹೀಗೆ ಬಿದ್ದ ಸಂದಿಗೆ ಸಕ್ಕರೆ ನುಸುಳಿದೆ. ಬಿಸ್ಕತ್ತು, ಬನ್ನು, ಜಾಮು ಸವರಿದ ಬ್ರೆಡ್ಡು, ಬಣ್ಣದ ಧಾನ್ಯದ ಉಂಡೆಗಳು, ಹಾಲಿಗೆ ಬೆರೆಸುವ ಸಿಹಿ ಪುಡಿಗಳು. ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ಪಟ್ಟಿಯಲ್ಲಿಟ್ಟು ಮಾರಬೇಡಿ ಎಂದು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ಕಂಪನಿಗಳಿಗೆ ಹೇಳಬೇಕಾಯಿತು. ಪ್ಯಾಕೆಟ್ಟಿನ ಮುಂಭಾಗದ ಹುಡುಗ ಎಷ್ಟು ಎತ್ತರ ಜಿಗಿಯುತ್ತಾನೆ ಎಂದು ನೋಡುವುದಕ್ಕಿಂತ, ಹಿಂಭಾಗದ ಸಣ್ಣಕ್ಷರದಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡುವುದು ಮೇಲು.

ಹಾಗಾದರೆ ಒಳ್ಳೆಯ ತಿಂಡಿ ಯಾವುದು? ಉತ್ತರಕ್ಕೆ ನಮ್ಮ ರಾಜ್ಯದ ನಕ್ಷೆಯನ್ನು ಒಂದು ಸುತ್ತು ಹಾಕಿದರೆ ಸಾಕು. ಮಂಗಳೂರಿನ ಕಡೆ ನೀರುದೋಸೆ, ಪುಂಡಿ, ಸೇಮಿಗೆ; ಕೊಡಗಿನಲ್ಲಿ ಕಡಂಬುಟ್ಟು, ನೂಪುಟ್ಟು; ಮಲೆನಾಡಿನಲ್ಲಿ ಅಕ್ಕಿ ರೊಟ್ಟಿ, ಕಡುಬು; ಹಳೆ ಮೈಸೂರಿನಲ್ಲಿ ರಾಗಿ ರೊಟ್ಟಿ, ಇಡ್ಲಿ, ಉಪ್ಪಿಟ್ಟು; ದಾವಣಗೆರೆಯಿಂದಾಚೆ ಒಗ್ಗರಣೆ ಮಂಡಕ್ಕಿ, ಪಡ್ಡು, ಅವಲಕ್ಕಿ, ತಾಲಿಪಟ್ಟು, ಜೋಳದ ರೊಟ್ಟಿ. ಇಷ್ಟು ಬಗೆಯ ತಿಂಡಿ ಇರುವ ನಾಡಿನಲ್ಲಿ ಇಂದು ಏನು ಮಾಡಲಿ ಎಂಬ ಪ್ರಶ್ನೆ ದಿನವೂ ಕಾಡುವುದು ವಿಚಿತ್ರವೇ. ಆದರೆ ಪಟ್ಟಿಯನ್ನು ಗಮನವಿಟ್ಟು ನೋಡಿದರೆ ಒಂದು ಕೊರತೆ ಕಣ್ಣಿಗೆ ಬೀಳುತ್ತದೆ. ಇದರಲ್ಲಿ ಬಹುಪಾಲು ಧಾನ್ಯವೇ. ಅದರಲ್ಲೂ ಅಕ್ಕಿ ಮತ್ತು ರವೆ. ಬೇಳೆ ಕಾಳು ತಟ್ಟೆಯ ಅಂಚಿನಲ್ಲಿ ಚಟ್ನಿಯಾಗಿ, ಒಗ್ಗರಣೆಯ ನಾಲ್ಕು ಕಾಳಾಗಿ ಉಳಿದಿದೆ. ತರಕಾರಿಯ ಪಾಲು ಎಂದರೆ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು. ಕರಿಬೇವನ್ನಂತೂ ತೆಗೆದು ಪಕ್ಕಕ್ಕಿಡುತ್ತೇವೆ.

ಸರಿಪಡಿಸಲು ಹೊರಗಿನಿಂದ ಏನನ್ನೂ ತರಬೇಕಿಲ್ಲ. ಪೊಂಗಲ್‌ಗೆ ಅಕ್ಕಿಯಷ್ಟೇ ಹೆಸರುಬೇಳೆ ಹಾಕಬಹುದು. ತೊಗರಿಬೇಳೆ ನೆನೆಸಿ, ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು ಸೇರಿಸಿ ಹಬೆಯಲ್ಲಿ ಬೇಯಿಸುವ ನುಚ್ಚಿನುಂಡೆ ಇಡೀ ತಟ್ಟೆಯನ್ನೇ ಬೇಳೆಯಿಂದ ತುಂಬುವ ತಿಂಡಿ. ಅದನ್ನು ವರ್ಷಕ್ಕೊಮ್ಮೆ ನೆನೆಯುವ ಬದಲು ವಾರಕ್ಕೊಮ್ಮೆ ಮಾಡಬಹುದು. ರಾಗಿ ರೊಟ್ಟಿಗೆ ನುಗ್ಗೆಸೊಪ್ಪು ಬೆರೆತರೆ ಔಷಧದ ಅಂಗಡಿಯ ದಾರಿ ಸ್ವಲ್ಪ ದೂರವಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಕರಾವಳಿಯವರಂತೆ ಅವಲಕ್ಕಿಯ ಪಕ್ಕಕ್ಕೆ ಹೆಸರುಕಾಳಿನ ಅಥವಾ ಕಡಲೆಯ ಉಸಲಿ ಇಟ್ಟರೆ ಹನ್ನೊಂದು ಗಂಟೆಯ ಹಸಿವು ಮುಂದಕ್ಕೆ ಹೋಗುತ್ತದೆ. ಮಕ್ಕಳು ‘ಕಾಂಕ್ರೀಟ್’ ಎಂದು ಮೂಗು ಮುರಿಯುವ ಉಪ್ಪಿಟ್ಟಿಗೂ ಗೋಧಿನುಚ್ಚು, ಬೀನ್ಸ್, ಕ್ಯಾರೆಟ್, ಬಟಾಣಿ, ಒಂದು ಹಿಡಿ ಕಡಲೆಬೀಜ ಬಿದ್ದರೆ ಅದರ ಮರ್ಯಾದೆ ಮರಳಿ ಬಂದೀತು. ಮೊಟ್ಟೆ ತಿನ್ನುವವರಿಗೆ ಒಂದು ಬೇಯಿಸಿದ ಮೊಟ್ಟೆ, ತಿನ್ನದವರಿಗೆ ಒಂದು ಬಟ್ಟಲು ಮೊಸರು, ಎಲ್ಲರಿಗೂ ಒಂದು ಬಾಳೆಹಣ್ಣೋ ಪೇರಲೆಯೋ. ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ನಂಚಿಕೊಂಡು ಕುಡಿದು ಹೊಲಕ್ಕೆ ಹೋಗುತ್ತಿದ್ದವರು ಹಿಂದುಳಿದವರೇನಾಗಿರಲಿಲ್ಲ. ಅವರ ತಿಂಡಿಗೆ ಬೆಳಿಗ್ಗೆ ಒಲೆಯನ್ನೇ ಹಚ್ಚಬೇಕಿರಲಿಲ್ಲ.

ಈ ಕೊನೆಯ ಮಾತಿನಲ್ಲಿ ಒಂದು ಉಪಾಯವೂ ಇದೆ. ಬೆಳಗಿನ ತಿಂಡಿ ನಿರ್ಧಾರವಾಗುವುದು ಹಿಂದಿನ ರಾತ್ರಿ. ಕಾಳು ನೆನೆಸಿದ್ದರೆ, ತರಕಾರಿ ಹೆಚ್ಚಿಟ್ಟಿದ್ದರೆ, ರವೆ ಹುರಿದು ಡಬ್ಬದಲ್ಲಿದ್ದರೆ, ಬೆಳಿಗ್ಗೆ ಉಳಿಯುವುದು ಹದಿನೈದು ನಿಮಿಷದ ಕೆಲಸ. ರಾತ್ರಿ ಟಿವಿಯ ಮುಂದೆ ಕೂತವರ ಕೈಗೆ ಬೀನ್ಸ್ ಬುಟ್ಟಿ ಕೊಡುವುದರಿಂದ ಯಾವ ಧಾರಾವಾಹಿಯ ಕಥೆಯೂ ತಪ್ಪಿಹೋಗುವುದಿಲ್ಲ. ಅದು ಅಷ್ಟು ವೇಗವಾಗಿ ಸಾಗುವುದೂ ಇಲ್ಲ.

ಮನೆಯಲ್ಲಿ ಇದೆಲ್ಲ ಆಗದವರಿಗೆ ಊರು ಏನು ಕೊಡುತ್ತದೆ ಎಂಬುದೂ ಮುಖ್ಯ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ ಐದು ರೂಪಾಯಿಗೆ ತಿಂಡಿ ಕೊಟ್ಟಿತು. ಅದರ ರಾಜಕೀಯ ಏನೇ ಇರಲಿ, ಬೆಳಿಗ್ಗೆ ಆ ಸಾಲಿನಲ್ಲಿ ನಿಂತ ಆಟೋದವರು, ಸೆಕ್ಯುರಿಟಿ ಗಾರ್ಡುಗಳು, ಕೆಲಸ ಹುಡುಕಿ ಬಂದ ಹುಡುಗರು ತಿನ್ನುತ್ತಿದ್ದದ್ದು ಬಿಸಿ ಇಡ್ಲಿಯನ್ನು. ಕಾರ್ಖಾನೆಗಳೂ ಇದೇ ದಾರಿ ಹಿಡಿಯಬಹುದು. ಶಿಫ್ಟು ಶುರುವಾಗುವ ಮುನ್ನ ಹತ್ತಿಪ್ಪತ್ತು ನಿಮಿಷ, ಒಂದು ತಟ್ಟೆ ತಿಂಡಿ ಕೊಡುವುದು ದಾನವಲ್ಲ. ಹಸಿದ ಕೈ ಹೊಲಿದ ಹೊಲಿಗೆ ಬಿಚ್ಚಿ ಹೊಲಿಯಬೇಕಾಗುತ್ತದೆ ಎಂಬುದು ಲೆಕ್ಕ ಇಡುವ ಯಜಮಾನರಿಗೂ ಗೊತ್ತಿರುತ್ತದೆ. ಕ್ಷೀರಭಾಗ್ಯದ ಲೋಟದ ಪಕ್ಕಕ್ಕೆ ಒಂದು ತಟ್ಟೆ ಇಡುವ ಕೆಲಸ ಸರ್ಕಾರದ್ದು. ಅಡುಗೆ ಕೋಣೆ, ಪಾತ್ರೆ, ಅಡುಗೆಯವರು ಶಾಲೆಗಳಲ್ಲಿ ಈಗಾಗಲೇ ಇದ್ದಾರೆ. ಬೇಕಾದ್ದು ಅಡುಗೆಯವರಿಗೆ ಹೆಚ್ಚಿನ ಸಂಬಳ, ದಿನಸಿಗೆ ಹೆಚ್ಚಿನ ದುಡ್ಡು. ಅವರೂ ಹೆಂಗಸರೇ, ಅವರಿಗೂ ಮನೆಯಲ್ಲಿ ಒಂದು ಬೆಳಗು ಇದೆ ಎಂಬುದನ್ನು ಮರೆತು ಬಿಟ್ಟಿ ದುಡಿಸಿದರೆ ಮತ್ತೆ ಅದೇ ತಪ್ಪು ಮಾಡಿದಂತೆ.

ಸರ್ಕಾರ, ಕಾರ್ಖಾನೆ ಮಾಡುವುದು ಮಾಡಲಿ. ನಾಳೆ ಬೆಳಿಗ್ಗೆಯಿಂದಲೇ ಆಗಬಹುದಾದ ಕೆಲಸ ಮನೆಯಲ್ಲಿದೆ. ವಾರದಲ್ಲಿ ಮೂರು ದಿನ ತಿಂಡಿ ಗಂಡಸರದ್ದು ಎಂದು ತೀರ್ಮಾನವಾಗಲಿ. ಬರುವುದಿಲ್ಲ ಎಂಬ ನೆಪ ನಡೆಯದು. ಉಪ್ಪಿಟ್ಟು ಬೇಯಿಸುವುದು ಆದಾಯ ತೆರಿಗೆಯ ರಿಟರ್ನ್ಸ್ ತುಂಬುವುದಕ್ಕಿಂತ ಸುಲಭ. ಹತ್ತು ವರ್ಷ ದಾಟಿದ ಮಕ್ಕಳು, ಗಂಡಾಗಲಿ ಹೆಣ್ಣಾಗಲಿ, ತಟ್ಟೆ ಹಾಕಲಿ, ತೊಳೆಯಲಿ. ಎಲ್ಲರೂ ಒಟ್ಟಿಗೆ ಕೂತು ತಿನ್ನುವಂತೆ ಹತ್ತು ನಿಮಿಷ ಮೊದಲೇ ಎದ್ದರಾಯಿತು. ದೋಸೆಯಾದರೆ ಕಾವಲಿಯ ಮುಂದೆ ಸರದಿ ಬದಲಾಗಲಿ, ಮೊದಲ ಬಿಸಿ ದೋಸೆ ಹಿಂದಿನ ದಿನ ಕೊನೆಯದು ತಿಂದವರಿಗೆ ಸಿಗಲಿ.

ಸಮೀಕ್ಷೆಯ ಆ 88 ನಿಮಿಷ ನೂರಿಪ್ಪತ್ತರ ಹತ್ತಿರ ಬರಲು ದಿನಕ್ಕೆ ಅರ್ಧ ಗಂಟೆ ಸೇರಿದರೆ ಸಾಕು. ಅದು ಒಂದು ಮನೆಯ ತಿಂಡಿಗೆ ಬೇಕಾದಷ್ಟೇ ಹೊತ್ತು. ಪೌಷ್ಟಿಕ ಆಹಾರದ ಯಾವ ಪಟ್ಟಿಯೂ ಅದನ್ನು ಬರೆದುಕೊಡುವುದಿಲ್ಲ. ಮನೆಯ ಗಂಡಸರು ತಾವಾಗಿಯೇ ಬರೆದುಕೊಳ್ಳಬೇಕು.